ಕಡಲಿಗೆ ಹೋಗುವ ಬೀದಿ

ಹುಬ್ಬಳ್ಳಿ, ೯ ಡಿಸೆಂಬರ್, ಮಂಗಳವಾರ

ಒಟ್ಟು ಖರ್ಚು: ಆರು ವರ್ಷ, ಒಂದು ಖಾನಾವಳಿ, ಹೆಂಡತಿ ನೀಲವ್ವನ ನಾಲ್ಕು ಬಂಗಾರದ ಬಳೆ. ಕಡಲ ದಂಡೆಯ ಊರಲ್ಲಿದ್ದ ಆ ಖಾನಾವಳಿ ಮುಚ್ಚಿ, ಪಾತ್ರೆಗಳನ್ನೆಲ್ಲ ಇವತ್ತು ಇಲ್ಲಿಗೆ ತಂದು ಇಳಿಸಿದೆವು.

ಅಲ್ಲಿ ಕಡಲಿಗೆ ಹೋಗುವ ನಮ್ಮ ಬೀದಿಗೆ ಗಾಡಿ ಬಿಡದಿದ್ದರೆ ಫಾರಿನ್ ಮಂದಿ ಹೆಚ್ಚು ಬರುತ್ತಾರೆಂದು ಪಂಚಾಯಿತಿ ಸಭೆಯಲ್ಲಿ ಭಾಷಣ ಮಾಡಿದವನು ನಾನೇ. ಮೆಂಬರು ಶಾಲು ಹೊದಿಸಿದರು, ಬೀದಿಗೆ ಗಾಡಿ ಬಂದ್ ಮಾಡಿಸಿದರು. ಫಾರಿನ್ ಮಂದಿ ಬಂದರು. ಒಂದೊಂದು ನಿಂಬೆ ಸೋಡಾ ಹಿಡಿದು ಸಂಜೆಯವರೆಗೆ ಕೂತರು. ರೊಟ್ಟಿ ಉಣ್ಣುತ್ತಿದ್ದವರು ಹುಬ್ಬಳ್ಳಿ ಕಡೆಯಿಂದ ಟೆಂಪೋ ಮಾಡಿಕೊಂಡು ಬರುತ್ತಿದ್ದ ಸಂಸಾರಗಳು. ಅವರು ಊರ ಹೊರಗೇ ಇಳಿದು ಅಲ್ಲೇ ಉಂಡರು.

"ನಮ್ಮ ರೊಟ್ಟಿ ಉಣ್ಣಾವ್ರು ಯಾರಂತ ನನ್ನ ಒಂದ್ ಮಾತ ಕೇಳಬೇಕಿತ್ರಿ," ಅಂದಳು ನೀಲವ್ವ. "ನೀವು ಮೈಕ್ ಹಿಡಕೊಂಡು ನಿಂತ್ರಿ."



ಲಾಭ: ಮೆಂಬರಿಗೆ ಊರ ಹೊರಗಿನ ಪಾರ್ಕಿಂಗಿನ ದುಡ್ಡು. ಅವರ ತಮ್ಮನಿಗೆ ಅದರ ಪಕ್ಕದ ಹೋಟೆಲು. ಫಾರಿನ್ ಮಂದಿಗೆ ಖಾಲಿ ಬೀದಿ. ನನಗೆ ಶಾಲು, ಅದರಲ್ಲಿ ನೀಲವ್ವ ಗಾಜಿನ ಲೋಟಗಳನ್ನು ಸುತ್ತಿ ತಂದಿದ್ದಾಳೆ.