ಡೋಂಕಾಳ ಬಲಗೈ

ಹಿಸಾರ್ಯಾ,
ಫೆಬ್ರವರಿ ೧೯, ೧೯೮೬

ಮುದ್ದಿನ ತಂಗಿ ರಾಯ್ನಾಳಿಗೆ ಅಕ್ಕನ ಒಂದೂವರೆ ಕೈಯ ಅಪ್ಪುಗೆ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡ. ಬಿದ್ದು ಮುರಿದದ್ದು ಬಲಗೈ. ಪ್ಲಾಸ್ಟರ್ ಬಿಚ್ಚಿದ ಮೇಲೂ ಮೊಣಕೈ ತುಕ್ಕು ಹಿಡಿದ ಚಿಲಕದ ಹಾಗೆ ಬಿಗಿದುಕೊಂಡಿತ್ತು. ಬೇರೆಯವರಿಂದ ಬರೆಸಲು ಮನಸ್ಸಾಗಲಿಲ್ಲ. ವಾರ್ನಾದಲ್ಲಿ ಚಳಿ ಇಳಿಯಿತೇ? ಮಕ್ಕಳ ಕೆಮ್ಮು ಹೇಗಿದೆ?

ಇಲ್ಲಿನ ಚಿಕಿತ್ಸಾಲಯದಲ್ಲಿ ನನಗೆ ವ್ಯಾಯಾಮ ಮಾಡಿಸುವವಳು ಲಿಲ್ಯಾನಾ. ಬುಗ್ಗೆಯ ಬಿಸಿನೀರಿನಲ್ಲಿ ಕೈ ನೆನೆಸಿ, ಆಮೇಲೆ ಕೋಲು ಹಿಡಿಸಿ ಮಡಚಿಸುತ್ತಾಳೆ. ನೋವಿಗೆ ಅತ್ತರೆ, "ಅಳಿ ಅಕ್ಕಾ, ಬೇಡ ಅನ್ನಲ್ಲ. ಕೈ ಮಾತ್ರ ನಿಲ್ಲಿಸಬೇಡಿ" ಅನ್ನುತ್ತಾಳೆ.

ಭಾನುವಾರ ನಿನ್ನ ಭಾವ ಕ್ರುಮ್ ದಯಮಾಡಿಸಿದ್ದ. ನಿವೃತ್ತನಾದರೂ ಹೆಡ್‌ಮೇಷ್ಟ್ರ ಗತ್ತು ಇಳಿದಿಲ್ಲ. ನನಗೆಂದು ತಂದ ಲೋಕುಮ್ ಮಿಠಾಯಿಯಲ್ಲಿ ಅರ್ಧವನ್ನು ಬಸ್ಸಿನಲ್ಲೇ ಮುಗಿಸಿದ್ದ. ಸಕ್ಕರೆ ಪುಡಿ ಮೆತ್ತಿದ ಆ ಮೀಸೆಯಲ್ಲೇ ವಾರ್ಡಿನ ಹೆಂಗಸರಿಗೆಲ್ಲ ಇಚ್ಛಾಶಕ್ತಿಯ ಪಾಠ ಮಾಡಿದ.

"ಇವಳು ಮೊದಲಿಂದಲೂ ಸೋಮಾರಿ. ಗಟ್ಟಿಯಾಗಿ ಎಳೆದರೆ ಕೈ ತಾನಾಗೇ ಬರುತ್ತೆ" ಎಂದವನೇ ನನ್ನ ಮಣಿಕಟ್ಟು ಹಿಡಿದು ಎಳೆದೇಬಿಟ್ಟ. ನಾನು ಕಿರುಚಿದೆ.

ಲಿಲ್ಯಾನಾ ಓಡಿಬಂದು ಅವನ ಕೈ ಮೇಲೆ ಪಟ್ಟನೆ ಹೊಡೆದಳು. "ಬಿಡಿ ಮೇಷ್ಟ್ರೇ! ಇದೇನು ನೀರಿನ ಪಂಪಿನ ಹಿಡಿಕೆನಾ? ಇನ್ನೊಂದ್ಸಲ ಮುಟ್ಟಿದ್ರೆ ನಿಮಗೂ ಪ್ಲಾಸ್ಟರ್ ಹಾಕಿಸ್ತೀನಿ ನೋಡಿ!"

ಅಷ್ಟು ದೊಡ್ಡ ಮನುಷ್ಯ ತಪ್ಪು ಲೆಕ್ಕ ಮಾಡಿದ ಹುಡುಗನ ಹಾಗೆ ಕೆಂಪಗಾದ. ಹೊರಡುವಾಗ ನನ್ನ ಕಿವಿಯ ಹತ್ತಿರ ಬಗ್ಗಿದ. ಏನೋ ಒಳ್ಳೆಯ ಮಾತು ಬರುತ್ತದೆ ಅಂದುಕೊಂಡೆ. "ಯಾವಾಗ ಇಸ್ತ್ರಿ ಪೆಟ್ಟಿಗೆ ಹಿಡಿಯಕ್ಕಾಗುತ್ತೆ? ಶರ್ಟೆಲ್ಲ ಮುದುಡಿ ಬಿದ್ದಿವೆ."

"ನಿನ್ನ ಎರಡೂ ಕೈ ನೆಟ್ಟಗೇ ಇದಾವಲ್ಲ" ಅಂದೆ.

ಮೊನ್ನೆ ಚಮಚ ನನ್ನ ಬಾಯಿಗೆ ತಲುಪಿತು, ಕತ್ತು ಬಗ್ಗಿಸದೆ! ಮೊಸರು ಅರ್ಧ ಎದೆ ಮೇಲೆ ಚೆಲ್ಲಿತು, ಇರಲಿ. ನಿನ್ನೆ ನಾನೇ ಜಡೆ ಹಾಕಿಕೊಂಡೆ. ಸೊಟ್ಟಗಿದೆ, ಬಿಚ್ಚಲು ಮನಸ್ಸು ಬರಲಿಲ್ಲ.

ಚಿಕಿತ್ಸೆ ಮುಗಿದರೂ ನಾನು ಮನೆಗೆ ಹೋಗುವುದಿಲ್ಲ, ರಾಯ್ನಾ. ಲಿಲ್ಯಾನಾಳ ಅತ್ತೆಯ ಮನೆಯಲ್ಲಿ ಒಂದು ಕೋಣೆ ಗೊತ್ತುಮಾಡಿಕೊಂಡಿದ್ದೇನೆ. ಕ್ರುಮ್‌ಗೆ ಇನ್ನೂ ಹೇಳಿಲ್ಲ. ಶರ್ಟುಗಳ ಜೊತೆ ಅವನೂ ಸ್ವಲ್ಪ ಮುದುಡಲಿ.

ಮಕ್ಕಳ ಕೆನ್ನೆಗೆ ನನ್ನ ಮುತ್ತು. ನಿಮ್ಮ ಮನೆಯಲ್ಲಿ ಆರೋಗ್ಯ ತುಂಬಿರಲಿ, ಒಲೆ ಬೆಚ್ಚಗಿರಲಿ.

ನಿನ್ನ ಅಕ್ಕ,
ಡೋಂಕಾ

ಮತ್ತೊಂದು ಮಾತು: ಆವತ್ತೇ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದ್ದೀಯ. ಕ್ರುಮ್‌ನ ನಿವೃತ್ತಿಯ ಔತಣದ ಮಧ್ಯೆ ಉಪ್ಪಿನಕಾಯಿ ತರಲು ಹೋಗಿ, ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಬಿದ್ದು ಕೂಗಿಕೊಂಡೆ. ಅವನು ಅತಿಥಿಗಳಿಗೆ, "ನಮ್ಮವಳಿಗೆ ಇವತ್ತು ಸ್ವಲ್ಪ ಏರಿದೆ" ಎಂದ. ನಾನು ಒಂದು ಹನಿ ಕುಡಿದಿರಲಿಲ್ಲ. ಮೇಜಿನ ಸುತ್ತ ಎಲ್ಲರೂ ನಕ್ಕರು. ಆಮೇಲೆ ಮತ್ತೆ ಕೂಗಲು ನಾಚಿಕೆಯಾಯಿತು, ಬೆಳಗಾಗುವವರೆಗೆ ಸುಮ್ಮನಿದ್ದೆ. ನಾಚಿಕೆಯಾದದ್ದು ಅವನು ಹಾಗಂದದ್ದಕ್ಕಲ್ಲ. ಅವನ ಮಾತಿಗೆ ನಾನು ಬೆಲೆ ಕೊಡುವುದು ಬಿಟ್ಟು ಎಷ್ಟೋ ಕಾಲವಾಯಿತು. ಆ ನಗುವಿನಲ್ಲಿ ನಿನ್ನದೂ ಇತ್ತು, ರಾಯ್ನಾ. ಎತ್ತಿ ಆಡಿಸಿದವಳಿಗೆ ನಿನ್ನ ನಗು ಗುರುತು ಸಿಗದೆ ಇರುತ್ತದೆಯೇ?