ಫ್ರಿಜ್ಜಿನಲ್ಲಿ ಉಳಿದ ಸಿರಪ್ಪು

ಅಮ್ಮ,

ವರ್ಷಿಣಿಯನ್ನು ತಿಪಟೂರಿನಿಂದ ತುಮಕೂರಿನ ದೊಡ್ಡಾಸ್ಪತ್ರೆಗೆ ಕಳಿಸುತ್ತಿದ್ದಾರೆ. ಅವಳ ಬಟ್ಟೆಗೆಂದು ಬಂದೆ. ನೀನು ತೋಟದಿಂದ ಬರುವವರೆಗೆ ಕಾಯಲಾಗಲಿಲ್ಲ.

ಲಿಖಿತನಿಗೂ ಹೊಟ್ಟೆನೋವು ಶುರುವಾಗಿದೆ. ಕುದಿಸಿ ಆರಿಸಿದ ನೀರನ್ನೇ ಕೊಡು. ಜ್ವರ ಬಂದರೆ ಕೂಡಲೇ ಪಕ್ಕದ ಮನೆ ಓಬಳೇಶನ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗು. ಫ್ರಿಜ್ಜಿನಲ್ಲಿ ಉಳಿದಿರುವ ಅವನಕ್ಕನ ಸಿರಪ್ಪನ್ನು ಮಾತ್ರ ಕುಡಿಸಬೇಡ. ಏಕೆಂದು ಅವನು ಕೇಳಿದರೆ ಈ ಕಥೆ ಹೇಳು.

ಒಂದು ತೆಂಗಿನ ತೋಟದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಳಂತೆ. ಕರಟ, ಸಿಪ್ಪೆ, ಗರಿ, ಯಾವುದನ್ನೂ ಎಸೆದವಳಲ್ಲ. ಮೊಮ್ಮಗಳ ಹೊಟ್ಟೆಗೊಬ್ಬ ರಾಕ್ಷಸ ಹೊಕ್ಕ. ಔಷಧಿ ಬಿದ್ದೊಡನೆ ಸತ್ತವನಂತೆ ಮಲಗಿದ. "ವಾಸಿ ಆಯ್ತಲ್ಲ, ಉಳಿದಿದ್ದು ಮುಂದಕ್ಕಾಯ್ತದೆ ಬುಡು" ಎಂದಳು ಅಜ್ಜಿ. ಮಗನೂ ಹೂಂ ಎಂದ. ಹೊಟ್ಟೆನೋವು ಬಂದಾಗಲೆಲ್ಲ ಹೀಗೆಯೇ ಎರಡು ಚಮಚ ಕುಡಿಸಿ ಎತ್ತಿಟ್ಟರು. ರಾಕ್ಷಸ ಆ ಔಷಧಿಗೆ ಒಗ್ಗಿಹೋದ. ಈಗ ಇಡೀ ಸೀಸೆ ಕುಡಿಸಿದರೂ ಜಗ್ಗುವುದಿಲ್ಲ.

ಇದನ್ನು ಹೇಳಿದವರು ಮಕ್ಕಳ ವಾರ್ಡಿನ ಡಾಕ್ಟರು. ಕೇಳಿದ ಕಥೆಗೆ ಎಂದೂ ಏನನ್ನೂ ಸೇರಿಸದ ನಾನು ಇದಕ್ಕೆ ರಾಕ್ಷಸನನ್ನು ಸೇರಿಸಿದ್ದೇನೆ. ಬೇರೆ ಔಷಧಿ ತುಮಕೂರಿನಲ್ಲಿದೆಯಂತೆ. ಕಥೆಯ ಕೊನೆಯನ್ನು ಡಾಕ್ಟರು ಹೇಳಲಿಲ್ಲ. ಲಿಖಿತ ಕೇಳಿದರೆ, ಅಕ್ಕ ಬಂದು ಹೇಳುತ್ತಾಳೆ ಅನ್ನು.

ಜ್ಞಾನೇಶ