ಧೂಳಮ್ಮನ ಗಡಿಗೆಯ ಹುಳಿ

ಜನವರಿ 8
ಬಸವಕಲ್ಯಾಣದಿಂದ ಎಂಟರ ಬಸ್ಸು. ಹುಮನಾಬಾದಿನ ಕಾಲೇಜು. ಮೊದಲ ಪೀರಿಯಡ್ ಖಾಲಿ. ಲ್ಯಾಬಿನಿಂದ ಮೇಲ್ ಬಂದಿತ್ತು. ಕೊಹಿನೂರ ಹಳ್ಳಿಯ ಧೂಳಮ್ಮನ ಅಂಬಲಿ ಗಡಿಗೆಯಿಂದ ತೆಗೆದ ಯೀಸ್ಟ್ — ಅದರ ಹತ್ತಿರದ ನೆಂಟನೊಂದಿಗೆ ಇಡೀ ಜೀನೋಮ್ ಹೋಲಿಸಿದ್ದಾರೆ. ಶೇ. 94.6. ತೊಂಬತ್ತೈದು ದಾಟಿದರೆ ಒಂದೇ ಪ್ರಭೇದ, ಒಳಗಿದ್ದರೆ ಬೇರೆ. ಸಾಮಾನ್ಯವಾಗಿ. ಗೆರೆ ಎಳೆದದ್ದು ನಮ್ಮಂಥವರು. ಯೀಸ್ಟಿಗೆ ಗೊತ್ತಿಲ್ಲ.

ಹೊಸ ಪ್ರಭೇದವಾದರೆ ನಿನ್ನ ಹೆಸರಿಡುತ್ತೇನೆ ಎಂದು ಧೂಳಮ್ಮನಿಗೆ ಹೇಳಿದ್ದೆ. ಯಾಕೆ ಹೇಳಿದೆನೋ. ಮುದುಕಿ ನಕ್ಕಿದ್ದಳು: “ಮೊಮ್ಮಕ್ಕಳು ಶೀತಲ, ಮನಿಷಾ ಆದ್ರು. ನನ್ನ ಹೆಸರ ಯಾರಿಗೂ ಬ್ಯಾಡಾಯ್ತು. ಹುಳಕ್ಕರೆ ಇಡ್ರಿ, ಮಾಸ್ತರ್ರೆ.”

ಮಾರ್ಚ್ 19
ಪ್ರಬಂಧ ಕಳಿಸಿದ್ದ ಸಂಶೋಧನಾ ಪತ್ರಿಕೆಯ ಉತ್ತರ. ಗೆರೆಗೆ ತೀರಾ ಹತ್ತಿರ, ಒಂದೇ ತಳಿ ಸಾಲದು. ಹೊಸ ಮಾದರಿಯಿಂದ ಇನ್ನೊಂದು ಬೇಕು. ಊರಲ್ಲಿ ಅಂಥ ಗಡಿಗೆ ಉಳಿದಿರುವುದು ಧೂಳಮ್ಮನದೊಂದೇ. ನಾಳೆ ಬರುತ್ತೇನೆಂದು ಫೋನ್ ಮಾಡಿದೆ.

ಮಾರ್ಚ್ 20, ಸಂಜೆ
ತಳದ ಹಳೆಯ ಅಂಬಲಿಯ ಮೇಲೇ ದಿನವೂ ಹೊಸ ಜೋಳದ ಹಿಟ್ಟು. ನಲವತ್ತು ವರ್ಷ ಪೂರ್ತಿ ತೊಳೆದವರಿಲ್ಲ. ಗಡಿಗೆಯ ಮಣ್ಣಿನ ಬಣ್ಣ ಇವತ್ತೇ ಕಂಡದ್ದು. ಸೊಸೆ ವಿದ್ಯಾವತಿ ಹಿಗ್ಗಿನಲ್ಲಿದ್ದಳು: “ಸರ್ ಬರಾಕತ್ತಾರಂತ ಬೂದಿ ಹಚ್ಚಿ ತಿಕ್ಕೀನ್ರಿ. ಕುದಿಯೋ ನೀರ ಹಾಕೀನಿ. ಫೋಟೋ ಹಿಡಿತೀರಲ್ರಿ?”

ಹಿಡಿದೆ.

ಏಪ್ರಿಲ್ 2
ವಿದ್ಯಾವತಿಯ ಫೋನ್. ಹುಳಿ ಬರುತ್ತದೆ, ಆದರೆ ಬೇರೆ ಹುಳಿ. ಅತ್ತೆ ಬಾಯಿಗೆ ಇಡುತ್ತಿಲ್ಲ. ಫೋನು ಕಸಿದುಕೊಂಡು ಧೂಳಮ್ಮ: “ನನ್ನ ಹುಳಿ ನಿಮ್ಮ ಸೀಸೆದಾಗ ಅದ ಅಲ್ರಿ? ಒಂಚೂರ ತಿರುಗಿ ಕೊಡ್ರಿ.”

ಇದೆ. ಫ್ರೀಜರಿನಲ್ಲಿ. ಗಡಿಗೆಯ ಮಣ್ಣಿನ ಸಂದಿಯಲ್ಲಿ ಹಳೆಯದು ಒಂದಿಷ್ಟು ಉಳಿದಿದ್ದರೂ ಉಳಿದಿರಬಹುದು. ಕೊಟ್ಟರೆ, ಮುಂದೆ ಆ ಗಡಿಗೆಯಲ್ಲಿ ಸಿಗುವುದೆಲ್ಲ ನನ್ನ ಸೀಸೆಯದೇ. ಪತ್ರಿಕೆ ಕೇಳಿದ ಎರಡನೆಯ ತಳಿ ಎನ್ನುವ ಹಾಗಿಲ್ಲ. ಹೆಸರು ಅಲ್ಲಿಗೆ ಮುಗಿಯಿತು.

ಏಪ್ರಿಲ್ 6
ಜೋಳದ ಗಂಜಿಯಲ್ಲಿ ಬೆಳೆಸಿ ಒಯ್ದೆ. ಸೀಸೆಯನ್ನು ಬೆಳಕಿಗೆ ಹಿಡಿದಳು. “ಇಷ್ಟೇ ಏನ್ರಿ ನಾ?” ಗಡಿಗೆಗೆ ಸುರಿದಳು. “ಎಂಟ ದಿನಕ್ಕ ಬರ್ರಿ, ಬೇಕಾದಷ್ಟು ಒಯ್ರಿ. ಆವಾಗರೆ ಹೆಸರ ಬರ್ತದಲ್ರಿ?”

ಬಸ್ಸಿಗೆ ಹೊತ್ತಾಯಿತು ಎಂದೆ.

ಏಪ್ರಿಲ್ 15
ಹೋಗಬಾರದಿತ್ತು. ಹೋದೆ. ಹಳೆಯ ಹುಳಿಯೇ. ಎರಡು ಲೋಟ ಕುಡಿಸಿದಳು. ಸೀಸೆ ತುಂಬಿಸಿ ಕೊಟ್ಟಳು, ಬಾಯಿಗೆ ತಾನೇ ಬಟ್ಟೆ ಕಟ್ಟಿ.

ಈಗ ಮೇಜಿನ ಮೇಲಿದೆ. ಒಂದೇ ಗಡಿಗೆಯ ಎರಡು ತಳಿ ಒಂದೇ ಥರ ಇದ್ದರೆ ಯಾರೂ ಕೇಳುವುದಿಲ್ಲ. ಲೇಬಲ್ಲಿನಲ್ಲಿ ತಾರೀಖು ಬರೆದೆ. ಸ್ಥಳ: ಕೊಹಿನೂರ. ಅದೂ ಸುಳ್ಳಲ್ಲ. ತಳಿ ಸಂಖ್ಯೆ, ಒಂದೋ ಎರಡೋ ಎಂಬಲ್ಲಿ —